ತಾನಿಲ್ಲದ ಬೆಳಿಗ್ಗೆ

ಹುಡುಗನ ಹೆಬ್ಬೆರಳು ಬೂಟಿನೊಳಗೆ ಎಲ್ಲಿಯವರೆಗೆ ಬಂದಿದೆ ಎಂದು ಯೊವಾನಾ ತನ್ನ ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ಹುಡುಕುತ್ತಿದ್ದಳು. ಸಿಕ್ಕಿದ ಮೇಲೂ ಒತ್ತುತ್ತಲೇ ಇದ್ದಳು. 'ಬೆಳೆಯೋಕೆ ಒಂದು ಬೆರಳು ಜಾಗ ಇದೆ' ಎಂದು ಹೇಳಿ ಕೈ ತೆಗೆಯುವುದು ಹನ್ನೊಂದು ವರ್ಷಗಳಿಂದ ರೂಢಿಯಾಗಿಹೋದ ಕೆಲಸ. ಇವತ್ತು ಆ ಮಾತು ಬಾಯಿಗೆ ಬರಲಿಲ್ಲ. ಹುಡುಗನ ತಾಯಿ ಬಗ್ಗಿ, "ಏನಾಯ್ತು, ಬಿಗಿ ಆಯ್ತಾ?" ಎಂದು ಕೇಳಿದಳು. "ಇಲ್ಲ, ಸರಿಯಾಗಿದೆ" ಎಂದು ಯೊವಾನಾ ಎದ್ದಳು. ಎದ್ದ ಕೂಡಲೆ ನೆನಪಾಗಿ ಎಡಗೆನ್ನೆಯನ್ನು ಮುಟ್ಟಿಕೊಂಡಳು. ಬೆಳಿಗ್ಗೆ ಅಂಗಡಿಯ ಯಜಮಾನ ಬಸಿಲಿಯೊ ಹತ್ತಿರ ಹಲ್ಲುನೋವು, ನಾಲ್ಕು ಗಂಟೆಗೆ ದಂತವೈದ್ಯರನ್ನು ನೋಡಬೇಕು ಎಂದು ಸುಳ್ಳು ಹೇಳಿದ್ದಳು. ಮಾರ್ಚಿ ತಿಂಗಳ ಶನಿವಾರ, ಸೋಮವಾರ ಶಾಲೆ ಶುರು. ಮೊಯೆಂದೊ ಊರಿನ ಮಕ್ಕಳಿಗೆಲ್ಲ ಒಂದೇ ವಾರದಲ್ಲಿ ಪಾದ ಬೆಳೆದ ಹಾಗೆ ಅಂಗಡಿ ತುಂಬ ಜನ. ಇಂಥ ದಿನ ರಜೆ ಕೇಳುವವರು ಸಾಯುವಷ್ಟಾದರೂ ನೋಯುತ್ತಿರಬೇಕು. ಅದಕ್ಕೇ ಅವಳು ಬೆಳಿಗ್ಗೆಯಿಂದ ಕೆನ್ನೆ ಹಿಡಿದುಕೊಳ್ಳುತ್ತಿದ್ದಳು, ಮರೆಯುತ್ತಿದ್ದಳು, ಬಸಿಲಿಯೊ ಕನ್ನಡಕದ ಮೇಲಿನಿಂದ ನೋಡಿದಾಗ ಮತ್ತೆ ಹಿಡಿದುಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನಿಜವಾಗಿಯೂ ಅಲ್ಲೇನೋ ಮಿಡಿಯತೊಡಗಿತ್ತು.

ಹೋದ ವಾರದ ಸ್ಕ್ಯಾನಿನಲ್ಲಿ ಕಂಡಿತ್ತು: ಬಸಿರು ನಿಲ್ಲದಿರಲೆಂದು ಐದು ವರ್ಷದ ಹಿಂದೆ ಗರ್ಭಕೋಶಕ್ಕೆ ಹಾಕಿದ್ದ ತಾಮ್ರದ ವಂಕಿ ಜಾರಿ ಕೆಳಗಿಳಿದಿದೆ. ಚಿಕಿತ್ಸಾಲಯದಲ್ಲಿ ಹೆರಿಗೆ ವಿಭಾಗ ನೋಡಿಕೊಳ್ಳುವ ಸೊರಾಯ್ದಾ ಪರದೆಯತ್ತ ಪೆನ್ನು ತೋರಿಸಿ, "ಇದನ್ನ ತೆಗೀಲೇಬೇಕು. ತೆಗೆದ್ಮೇಲೆ ಹೊಸದು ಹಾಕೋದೋ ಬಿಡೋದೋ ನಿಮಗೆ ಬಿಟ್ಟಿದ್ದು. ಮೂವತ್ತೆಂಟು ಅಲ್ವಾ ನಿಮಗೆ? ಇನ್ನೊಂದು ಬೇಕು ಅನ್ನೋದಾದ್ರೆ ಇದೇ ಹೊತ್ತು. ಬೇಡ ಅಂದ್ರೆ ಯಾರೂ ನಿಮ್ಮನ್ನ ತಪ್ಪು ಅನ್ನಲ್ಲ" ಎಂದಿದ್ದಳು. ಅರೆಕಿಪಾ ನಗರದ ದೊಡ್ಡ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಮತ್ತೆ ಬಸಿರಾದರೆ ಗರ್ಭಕೋಶದ ಹಳೆಯ ಹೊಲಿಗೆಯ ಮೇಲೆಯೇ ಮಾಸು ಬೇರು ಬಿಡಬಹುದು, ಬಿಡದೆಯೂ ಇರಬಹುದು. ಮತ್ತೆ ರಕ್ತ ಹೋಗಬಹುದು. ಕೊನೆಯ ಎರಡು ತಿಂಗಳು ಆಸ್ಪತ್ರೆಯ ಪಕ್ಕದಲ್ಲೇ ಇರಬೇಕಾಗಬಹುದು. ಬಹುದು, ಬಹುದು. ಅವಳು ಮೆಟ್ಟಿಲಿಳಿಯುತ್ತ ಆ ಒಂದು ಪದವನ್ನೇ ಕಾಲಿಗೊಂದರಂತೆ ಹೇಳಿಕೊಂಡು ಬಂದಿದ್ದಳು. ಗಂಡ ಎಫ್ರಾಯಿನ್ ಮಾತ್ರ ಈ ವಾರವೆಲ್ಲ ಒಂದೇ ವಾಕ್ಯ: "ನೀನು ಹೇಳಿದ ಹಾಗೆ." ಊಟದ ಮುಂದೆ, ಹಾಸಿಗೆಯಲ್ಲಿ, ದೋಣಿಯ ಎಂಜಿನ್ ಎಣ್ಣೆ ಮೆತ್ತಿದ ಕೈ ತೊಳೆಯುತ್ತ. ಎಷ್ಟು ಒಳ್ಳೆಯ ಗಂಡ ಎಂದು ಕೇಳಿದವರು ಹೇಳಿಯಾರು. ಅವಳಿಗೆ ಮಾತ್ರ, ಒಂದು ಭಾರದ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಿದ್ದವನು ಹೇಳದೆ ಕೇಳದೆ ಕೈ ಬಿಟ್ಟಂತೆ ಅನ್ನಿಸುತ್ತಿತ್ತು.

"ಏ ಹುಡುಗಿ, ನನ್ನ ರಕ್ತ ಹೇಗಿದೆ?" ಎಂದು ಬಾಗಿಲಲ್ಲೇ ಕೂಗಿದವಳು ಊರೆಲ್ಲ ಗೌರವಕ್ಕೆ ದೊನ್ಯಾ ಎಂದು ಕರೆಯುವ ಉಬಾಲ್ದಿನಾ, ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಇಬ್ಬರು ಮೊಮ್ಮಕ್ಕಳನ್ನು ಎರಡು ಕೈಯಲ್ಲಿ ಎಳೆದುಕೊಂಡು ಬಂದಿದ್ದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದವರಿಗೆ ಗೊತ್ತಿದ್ದವರು ಪಿಸುಗುಟ್ಟಿದರು. ಯೊವಾನಾ ಮೊಣಕಾಲೂರಿ ದೊಡ್ಡ ಮೊಮ್ಮಗಳ ಸಾಕ್ಸ್ ಸರಿಮಾಡುತ್ತ, "ಚೆನ್ನಾಗಿದೆ ದೊನ್ಯಾ, ಓಡಾಡ್ತಾ ಇದೆ" ಎಂದಳು. ಐದು ವರ್ಷಗಳಿಂದ ಕೊಡುತ್ತ ಬಂದ ಉತ್ತರವೇ ಅದು.

"ಓಡಾಡ್ದೆ ಏನು! ಮೀನು ಮಾರೋಳ ರಕ್ತ, ಉಪ್ಪು ಜಾಸ್ತಿ. ಅರ್ಧ ಲೀಟರ್ ಕೊಟ್ಟಿದೀನಮ್ಮ, ಕೊಟ್ಟು ಬಂದು ಎರಡು ದಿನ ತಲೆ ಸುತ್ತು. ಆ ವ್ಯಾನು ಬೇರೆ, ಅಯ್ಯಪ್ಪ, ಅರೆಕಿಪಾ ಮುಟ್ಟೋವರೆಗೆ ಕಟುಕರವನು ಒಂದೇ ಸಮ ಹಾಡಿದ್ದು." ಅವಳು ಬೆಂಚಿನ ಮೇಲೆ ಕುಸಿದು ಕೂತು ದನಿ ತಗ್ಗಿಸಿದಳು, ತಗ್ಗಿಸಿದರೂ ಅಂಗಡಿಗೆಲ್ಲ ಕೇಳಿಸುತ್ತಿತ್ತು. "ಕೆನ್ನೆಗೇನಾಯ್ತು? ಬಸುರಿ ಆದಾಗಲೂ ಹಲ್ಲು ನೋಯತ್ತೆ, ನನಗೆ ಮೂರರಲ್ಲೂ ನೋಯ್ತು. ನೋಡು, ಅಂಥದ್ದೇನೂ ಇಲ್ಲ ತಾನೇ?"

"ಇಲ್ಲ ದೊನ್ಯಾ, ಹುಳುಕು ಹಲ್ಲು."

"ಹಾಂ. ಒಂದಿದೆ, ಗುಂಡುಕಲ್ಲಿನ ಹಾಗಿದೆ, ಸಾಕು. ಇನ್ನೊಂದು ಅಂತ ತಲೇಲಿ ಹಾಕ್ಕೋಬೇಡ. ನಮಗೆಲ್ಲ ವಯಸ್ಸಾಯ್ತು ಕಣೆ, ಕಟುಕರವನಿಗೆ ಸಕ್ಕರೆ ಕಾಯಿಲೆ ಬಂದಿದೆ. ಈಗ ವ್ಯಾನು ಹೊರಟರೂ ಹತ್ತೋರು ಯಾರು?"

ಜನ ನಕ್ಕರು. ಯೊವಾನಾ ಕೂಡ ನಕ್ಕಳು. ಮೊಣಕಾಲ ಮೇಲೆ ಕೂತು ತಲೆಯೆತ್ತಿ ನಗುವವರ ಮುಖ ಎಷ್ಟು ದೀನವಾಗಿ ಕಾಣುತ್ತದೆಂದು ಎದುರಿನ ಕನ್ನಡಿಯಲ್ಲಿ, ಪಾದ ನೋಡಿಕೊಳ್ಳಲೆಂದು ಓರೆಯಾಗಿ ಇಟ್ಟ ಆ ಗಿಡ್ಡ ಕನ್ನಡಿಯಲ್ಲಿ, ಕಂಡಿತು. ಅವಳ ಹೆರಿಗೆಯ ದಿನ ಅವಳಿಗೆ ರಕ್ತ ಕೊಡಲು ಊರಿನಿಂದ ಹದಿನಾಲ್ಕು ಸೀಟಿನ ವ್ಯಾನು ತುಂಬ ಜನ ಹೋಗಿದ್ದರು. ಒಂಬತ್ತು ಮಂದಿಯ ರಕ್ತ ಹೊಂದಿತಂತೆ. ರಸ್ತೆಯಲ್ಲಿ ಟೈರು ಪಂಕ್ಚರ್ ಆಯಿತಂತೆ. ರಕ್ತ ಕೊಟ್ಟ ಮೇಲೆ ಎಲ್ಲರೂ ಸೇರಿ ಕರಿದ ಹಂದಿಮಾಂಸ ತಿಂದರಂತೆ, ಬದುಕುತ್ತಾಳೋ ಇಲ್ಲವೋ ಎಂದು ಯಾರೋ ಅತ್ತರಂತೆ, ಯಾರೋ ಬೈದರಂತೆ. ಊರಿನಲ್ಲಿ ಎಲ್ಲರ ಹತ್ತಿರವೂ ಆ ದಿನದ ಒಂದೊಂದು ಚೂರಿತ್ತು. ಸಿಕ್ಕಿದಲ್ಲೆಲ್ಲ ಅದನ್ನು ತೆಗೆದು ಅವಳಿಗೆ ತೋರಿಸುತ್ತಿದ್ದರು. ಅವಳ ಬಳಿ ಮಾತ್ರ ಏನೂ ಇರಲಿಲ್ಲ. ಅರೆಕಿಪಾದ ಸೋದರತ್ತೆಯ ಮನೆಯಲ್ಲಿ ಬೆಳಗಿನ ಜಾವ ಒದ್ದೆಯಾದ ಹಾಸಿಗೆ. ಆಮೇಲೆ ಆಸ್ಪತ್ರೆಯ ಬಿಳಿ ದೀಪ. ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುವಷ್ಟು ಚಳಿ. ಮೇಜಿನ ಅಂಚಿನಿಂದ ನೆಲಕ್ಕೆ ಏನೋ ತೊಟ್ಟಿಕ್ಕುವ ಸದ್ದು. ಅದು ತನ್ನದೇ ಎಂದು ತಿಳಿದದ್ದೂ, ಯಾರೋ ಮುಖಕ್ಕೆ ಮತ್ತಿನ ಮಾಸ್ಕ್ ಇಟ್ಟದ್ದೂ ಒಟ್ಟಿಗೇ. ಅಷ್ಟೆ. ಅಲ್ಲಿಂದ ಮೂರು ದಿನ ಇಲ್ಲ.

ಮೂರನೆಯ ದಿನ ಗಂಟಲಿನ ಕೊಳವೆ ತೆಗೆದ ಮೇಲೆ ಒಬ್ಬ ನರ್ಸು ಮೊಬೈಲನ್ನು ಅವಳ ಮುಖದ ಹತ್ತಿರ ತಂದು, ನೋಡು, ನೋಡು ಯಾರಿದ್ದಾರೆ ಎಂದಳು. ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖವೊಂದು. ಯೊವಾನಾ, "ಯಾರದು?" ಎಂದಳು. ನರ್ಸು ನಕ್ಕಳು, ಔಷಧಿಯ ಮಂಪರು ಎಂದಳು. ಮಂಪರಾಗಿರಲಿಲ್ಲ. ಅವಳಿಗೆ ಸ್ಪಷ್ಟವಾಗಿ ಎಚ್ಚರವಿತ್ತು. ಅಂಗಡಿಯ ಬೀಗದ ಕೈ ತನ್ನ ಚೀಲದಲ್ಲೇ ಉಳಿದುಬಿಟ್ಟಿದೆ, ಬಸಿಲಿಯೊ ಬೈಯುತ್ತಾನೆ ಎಂಬ ಚಿಂತೆಯೂ ಇತ್ತು. ಮಗು ಎಂಬುದು ಮಾತ್ರ ಇರಲಿಲ್ಲ. ಆ ದಿನವೆಲ್ಲ ಕೇಳಲಿಲ್ಲ, ಮರುದಿನ ಮಧ್ಯಾಹ್ನದವರೆಗೂ ಕೇಳಲಿಲ್ಲ. ಎರಡು ಮಹಡಿ ಕೆಳಗೆ ಆ ಜೀವ ಯಾರದೋ ಕೈಯಿಂದ ಬಾಟಲಿ ಹಾಲು ಕುಡಿಯುತ್ತ ಮಲಗಿತ್ತು. ಅಷ್ಟು ಹೊತ್ತಿಗೆ ಅತ್ತೆ, ಎಫ್ರಾಯಿನ್‌ನ ತಾಯಿ ಎರ್ಮಿನಿಯಾ, ಹೆಸರೂ ಇಟ್ಟು ಬರೆಸಿಯಾಗಿತ್ತು: ಮಿಲಾಗ್ರೊಸ್, ಅಂದರೆ ಪವಾಡ. ಯೊವಾನಾ ಏಳು ತಿಂಗಳು ಹೊಟ್ಟೆಯೊಡನೆ ಲುಸಿಯಾ ಎಂದು ಮಾತಾಡುತ್ತ ಬಂದಿದ್ದಳು. ಈಗ ಲುಸಿಯಾ ಎಲ್ಲಿಗೆ ಹೋದಳು ಎಂದು ಯಾರನ್ನು ಕೇಳುವುದು? ಬದುಕಿ ಬಂದವಳು ಹೆಸರಿಗಾಗಿ ಜಗಳವಾಡಿದರೆ ಜನ ಏನಂದಾರು. ಮಿಲಿ ಎಂದು ಕರೆದಳು, ಮನಸಾರೆ ಪ್ರೀತಿಸಿದಳು, ಜ್ವರ ಬಂದಾಗ ಎಲ್ಲ ತಾಯಂದಿರಂತೆ ರಾತ್ರಿಯೆಲ್ಲ ಎದ್ದು ಕೂತಳು. ಆದರೂ ಮಿಲಿ ನಿದ್ದೆಯಲ್ಲಿ ತುಟಿ ಮುದುಡಿಸಿದಾಗ ಒಮ್ಮೊಮ್ಮೆ ಒಳಗಿನಿಂದ ಆ ಪ್ರಶ್ನೆ ತಣ್ಣಗೆ ಏಳುತ್ತಿತ್ತು: ಯಾರದು?

ಅದಕ್ಕಾಗಿಯೇ ಇನ್ನೊಂದು ಬೇಕೆ? ಮೊಮ್ಮಗಳ ಎಡಗಾಲಿನ ಲೇಸು ಕಟ್ಟುತ್ತ ತನ್ನನ್ನೇ ಕೇಳಿಕೊಂಡಳು. ಬೇಕೆನ್ನುವುದಂತೂ ಸುಳ್ಳಲ್ಲ. ಮಾರುಕಟ್ಟೆಯಲ್ಲಿ ಯಾರದೋ ಬೆನ್ನಿಗೆ ಕಟ್ಟಿದ ಕೂಸಿನ ನೆತ್ತಿಯ ವಾಸನೆ ಬಂದರೆ ಅವಳ ಮೊಲೆ ಬಿಗಿಯುತ್ತಿತ್ತು. ಆದರೆ ಬೇಕಾದದ್ದು ಮಗುವೋ, ಆ ಬೆಳಿಗ್ಗೆಯೋ? ಈ ಸಲ ಎಚ್ಚರವಾಗಿರುತ್ತೇನೆ, ಹೊರಬರುವಾಗ ನೋಡುತ್ತೇನೆ, ಮೊದಲ ಅಳು ಕೇಳುತ್ತೇನೆ, 'ಇದು ನನ್ನದು' ಎಂದು ಎಲ್ಲರಿಗಿಂತ ಮೊದಲು ನಾನೇ ಹೇಳುತ್ತೇನೆ: ಇಷ್ಟಕ್ಕಾಗಿ ಒಂದು ಜೀವವನ್ನು ಕರೆಯುವುದೆಂದರೆ, ಹೊಲಿಗೆ ತಪ್ಪಿದ ಅಂಗಿಯನ್ನು ಬಿಚ್ಚಿ ಮತ್ತೆ ಹೊಲಿದಂತಲ್ಲವೆ? "ಅಯ್ಯೋ, ನೋಯ್ತಿದೆ" ಎಂದು ಹುಡುಗಿ ಕಾಲೆಳೆದುಕೊಂಡಳು. ಲೇಸನ್ನು ತೀರಾ ಬಿಗಿಯಾಗಿ ಎಳೆದುಬಿಟ್ಟಿದ್ದಳು.

ಒಂದೂವರೆಗೆ ಅವಳು ಮನೆಗೆ ಹೋದಾಗ ಎಫ್ರಾಯಿನ್ ಮೀನು ಹುರಿಯುತ್ತಿದ್ದ. ಶನಿವಾರ ಅವನಿಗೆ ಅರ್ಧ ದಿನ ಕೆಲಸ. ಮಿಲಿ ಹೊಸ ಶಾಲೆಯ ಚೀಲವನ್ನು ಬೆನ್ನಿಗೆ ಹಾಕಿಕೊಂಡೇ ಊಟಕ್ಕೆ ಕೂತಿದ್ದಳು, ತೆಗೆಯಲು ಒಪ್ಪುತ್ತಿರಲಿಲ್ಲ. ಕುರ್ಚಿಗೂ ಅವಳ ಬೆನ್ನಿಗೂ ನಡುವೆ ಚೀಲ ಸಿಕ್ಕಿ ಅವಳು ಮುಂದಕ್ಕೆ ಬಾಗಿ, ನೇರಳೆ ಜೋಳದ ಪಾನಕವನ್ನು ಲೋಟ ಎತ್ತದೆಯೇ ಹೀರುತ್ತಿದ್ದಳು. ಅನ್ನ, ಮೀನು, ಈರುಳ್ಳಿ ನಿಂಬೆ. ಎಫ್ರಾಯಿನ್ ಯೊವಾನಾಳ ತಟ್ಟೆಗೆ ದೊಡ್ಡ ತುಂಡು ಹಾಕಿದ. ಪ್ರತಿ ಸಲವೂ ಹಾಗೇ ಮಾಡುತ್ತಿದ್ದ, ಐದು ವರ್ಷದಿಂದ. ರಕ್ತ ಹೋದವಳು ತಿನ್ನಬೇಕು ಎಂಬಂತೆ. ಇವತ್ತು ಆ ತುಂಡನ್ನು ನೋಡಿದರೆ ಅವಳಿಗೆ ಸಿಟ್ಟು ಬಂತು.

"ನಾಲ್ಕು ಗಂಟೆಗೆ ಹೋಗ್ತೀನಿ. ತೆಗೆಸಿಬಿಡ್ತೀನಿ. ಹೊಸದು ಬೇಡ ಅಂತೀನಿ" ಎಂದಳು. ಹೇಳುವವರೆಗೂ ಹಾಗೆ ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಎಫ್ರಾಯಿನ್ ಮೀನಿನ ಮುಳ್ಳು ಬಿಡಿಸುತ್ತಿದ್ದ. "ನೀನು ಹೇಳಿದ ಹಾಗೆ."

"ಅದನ್ನ ಹೇಳ್ಬೇಡ! ನಾಯಿಗೆ ರೊಟ್ಟಿ ಎಸೆದ ಹಾಗೆ ಎಸೀತೀಯ ಆ ಮಾತನ್ನ. ಬೇಕಾ ಬೇಡ್ವಾ, ಒಂದು ಹೇಳು. ಬೇಡ ಅಂದ್ರೂ ಪರ್ವಾಗಿಲ್ಲ, ಜಗಳ ಆಡ್ತೀನಿ. ಸುಮ್ನಿದ್ರೆ ಯಾರ ಜೊತೆ ಆಡ್ಲಿ?"

"ಮಿಲಿ, ಹೊರಗೆ ಹೋಗಿ ಬೆಕ್ಕಿಗೆ ಇದನ್ನ ಹಾಕಿ ಬಾ" ಎಂದು ಅವನು ಮೀನಿನ ತಲೆಯನ್ನು ಮಗಳ ಕೈಗೆ ಕೊಟ್ಟ. ಮಗು ಚೀಲದ ಸಮೇತ ಹೊರಗೆ ಹೋಯಿತು. ಅವನು ಎದ್ದು ಕೈ ತೊಳೆದ, ಒರೆಸಿದ, ಮತ್ತೆ ತೊಳೆದ. ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ಹೇಳೋ ಹಕ್ಕು ನನಗಿಲ್ಲ ಯೊವಾ. ಅವತ್ತೇ ಕಳ್ಕೊಂಡೆ. ಆ ಡಾಕ್ಟ್ರು ಹೊರಗೆ ಬಂದ್ರು, ಮೊಣಕೈವರೆಗೂ ಕೆಂಪು. ರಕ್ತ ನಿಲ್ತಿಲ್ಲ, ಗರ್ಭಕೋಶ ತೆಗೀಬೇಕು, ಇಲ್ಲಿ ಸೈನ್ ಹಾಕು ಅಂದ್ರು. ನಾನು... ಸ್ವಲ್ಪ ತಾಳಿ ಅಂದೆ."

"ತಾಳಿ ಅಂದ್ಯಾ?"

"ಮೂರು ಮಕ್ಕಳು ಬೇಕು ಅಂತಿದ್ಯಲ್ಲ ನೀನು. ಎದ್ದ ಮೇಲೆ ಕೇಳ್ತೀಯ, ಯಾಕೆ ತೆಗೆಯೋಕೆ ಬಿಟ್ಟೆ ಅಂತ. ಅದು ಒಂದು. ಇನ್ನೊಂದೂ ಇತ್ತು. ನನಗೂ ಮಗ ಬೇಕಿತ್ತು. ಮುಚ್ಚಿಟ್ಟು ಏನು ಮಾಡ್ಲಿ, ಅದೂ ಇತ್ತು ತಲೇಲಿ. ಅಮ್ಮ ಏನೂ ಹೇಳ್ಕೊಡ್ಲಿಲ್ಲ, ಅವಳ ಮೇಲೆ ಹಾಕಲ್ಲ. ನಾನೇ. ಬೇರೆ ದಾರಿ ಇಲ್ವಾ, ಇನ್ನೊಂದು ಸಲ ನೋಡಿ, ಅಂತ ಅವರ ಕೈ ಹಿಡ್ಕೊಂಡೆ. ಅವರು ಬೈದು ಒಳಗೆ ಹೋದ್ರು. ಗೋಡೆ ಮೇಲೆ ಗಡಿಯಾರ ಇತ್ತು. ಇಪ್ಪತ್ತು ನಿಮಿಷ ಆ ಕಾಗದ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಸೈನ್ ಹಾಕೋಣ ಅಂತ ಹೊರಡೋ ಹೊತ್ತಿಗೆ ನರ್ಸು ಬಂದು, ರಕ್ತ ನಿಂತಿತು ಅಂದ್ಳು. ರಕ್ತನಾಳ ಕಟ್ಟಿದ್ರಂತೆ, ನಿಂತಿತಂತೆ. ಎಲ್ರೂ ನನ್ನ ಬೆನ್ನು ತಟ್ಟಿದ್ರು, ಗಟ್ಟಿ ಮನಸ್ಸಿನವನು ಅಂತ." ಅವನು ನಲ್ಲಿ ನಿಲ್ಲಿಸಿದ. "ಆ ಇಪ್ಪತ್ತು ನಿಮಿಷದಲ್ಲಿ ನೀನು ಹೋಗಿದ್ರೆ?"

ಅವಳಿಗೆ ಏನನ್ನಿಸಬೇಕೆಂದು ತಿಳಿಯಲಿಲ್ಲ. ನನ್ನನ್ನು ಪಣಕ್ಕಿಟ್ಟೆಯಾ ಎಂದು ಕಿರುಚಬೇಕು. ನನಗಾಗಿ ಉಳಿಸಿದೆಯಾ ಎಂದು ಅವನ ಎಣ್ಣೆಗಪ್ಪು ಉಗುರುಗಳನ್ನು ಹಿಡಿದುಕೊಳ್ಳಬೇಕು. ಎರಡೂ ಸಾಲಿನಲ್ಲಿ ನಿಂತ ಗಿರಾಕಿಗಳ ಹಾಗೆ ಒಂದನ್ನೊಂದು ತಳ್ಳುತ್ತ ಬಾಗಿಲಲ್ಲೇ ಸಿಕ್ಕಿಕೊಂಡವು. ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಒಳಗಿರುವ ಆ ಚೀಲ, ಮುಷ್ಟಿಯಷ್ಟು ದೊಡ್ಡದಂತೆ, ತನ್ನದೇ ಎಂದುಕೊಂಡಿದ್ದಳು. ಅದೂ ಒಬ್ಬನ ಹೆದರಿಕೆಯಿಂದ, ಒಬ್ಬನ ಆಸೆಯಿಂದ ಉಳಿದದ್ದು. ಅರ್ಧ ಲೀಟರ್ ಮೀನಿನವಳದು, ಅರ್ಧ ಕಟುಕನದು, ಮಗುವಿನ ಹೆಸರು ಅತ್ತೆಯದು, ಗರ್ಭಕೋಶ ಗಂಡನ ಇಪ್ಪತ್ತು ನಿಮಿಷದ್ದು. "ಐದು ವರ್ಷ" ಎಂದಳು. "ಐದು ವರ್ಷ ಮೀನಿನ ದೊಡ್ಡ ತುಂಡು ಹಾಕ್ತಾ ಬಂದೆ ನನಗೆ." ತಟ್ಟೆಯನ್ನು ಅವನತ್ತ ತಳ್ಳಿ, ಚೀಲ ಎತ್ತಿಕೊಂಡು ಹೊರಟಳು. ಅಂಗಳದಲ್ಲಿ ಮಿಲಿ ಬೆಕ್ಕಿನೊಡನೆ ಏನೋ ಚೌಕಾಸಿ ನಡೆಸಿದ್ದಳು. ತಾಯಿ ದಾಟಿಹೋದದ್ದನ್ನು ನೋಡಲೇ ಇಲ್ಲ.

ಅಂಗಡಿಗೆ ಮರಳದೆ ಎರಡೂವರೆಗೇ ಚಿಕಿತ್ಸಾಲಯ ಮುಟ್ಟಿಬಿಟ್ಟಳು. ಒಳಗೆ ಹೋಗಲಾರದೆ ಬೀದಿ ಸುತ್ತಿದಳು. ಬೇಸಿಗೆ ಮುಗಿಯುತ್ತ ಬಂದಿತ್ತು. ಸಮುದ್ರದ ಕಡೆಯಿಂದ ಛತ್ರಿ ಬಾಡಿಗೆಯವರು ಕಂಬಗಳನ್ನು ಹೊತ್ತು ಏರು ಹತ್ತಿ ಬರುತ್ತಿದ್ದರು. ಹಳೆಯ ಮರದ ಮನೆಗಳ ಸಂದಿಯಲ್ಲಿ ಇಳಿಯುವುದು, ಮತ್ತೆ ಹತ್ತುವುದು, ಒಂದೇ ರೊಟ್ಟಿ ಅಂಗಡಿಯ ಮುಂದೆ ಮೂರು ಸಲ. ಮೂರನೆಯ ಸಲ ಅಂಗಡಿಯವಳು ಏನು ಬೇಕೆಂದು ಕೇಳಿದಾಗ ನಾಚಿಕೆಯಾಗಿ ಬೇಡದ ಎರಡು ರೊಟ್ಟಿ ಕೊಂಡಳು. ಅವು ಬಿಸಿಯಾಗಿದ್ದವು. ಹಿಡಿದುಕೊಂಡು ನಡೆಯುವಾಗ ಏನನ್ನೋ ಕದ್ದವಳಂತೆ ಅನ್ನಿಸಿತು.

ಕಾಯುವ ಕೋಣೆಯಲ್ಲಿ ಪಕ್ಕದಲ್ಲಿ ಕೂತಿದ್ದವಳಿಗೆ ಇಪ್ಪತ್ತು ದಾಟಿರಲಿಲ್ಲ. ಹೊಟ್ಟೆಯ ಮೇಲೆ ಎರಡು ಕೈ ಇಟ್ಟುಕೊಂಡು, ಮೇಜಿನ ಮೇಲೆ ಇಟ್ಟ ಸಾಮಾನನ್ನು ಕಾಯುವವಳಂತಿದ್ದಳು. ಯೊವಾನಾಳ ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಿದ್ದಳು. ಯೊವಾನಾ ಒಂದನ್ನು ಕೊಟ್ಟಳು. ಹುಡುಗಿ ಸಂಕೋಚವಿಲ್ಲದೆ ತಿಂದು, ಬಾಯಿ ಒರೆಸಿಕೊಂಡು, "ಅಕ್ಕಾ, ನಿಮಗೆ ಮಕ್ಕಳಿದ್ದಾರಾ?" ಎಂದಳು.

"ಒಬ್ಳು."

"ಹುಟ್ಟೋವಾಗ ಹೇಗಿರತ್ತೆ? ಎಲ್ರೂ ಒಂದೊಂದು ಥರ ಹೇಳ್ತಾರೆ. ನಮ್ಮಮ್ಮ ಹೇಳಲ್ಲ, ನಗ್ತಾಳೆ ಅಷ್ಟೆ."

ಯೊವಾನಾ ಬಾಯಿ ತೆರೆದಳು. ನೋವಿರುತ್ತದೆ ಎನ್ನಲೆ? ನೋವು ನೆನಪಿಲ್ಲ. ಅಳು ಕೇಳಿದ ಕೂಡಲೆ ಎಲ್ಲ ಮರೆತುಹೋಗುತ್ತದೆ ಎಂದು ಎಲ್ಲರೂ ಹೇಳುವುದನ್ನೇ ಹೇಳಲೆ? "ಚಳಿ ಆಗತ್ತೆ" ಎಂದುಬಿಟ್ಟಳು. ಹುಡುಗಿಯ ಮುಖ ನೋಡಿ ತಕ್ಷಣ, "ಒಂದು ದಪ್ಪ ಸಾಕ್ಸ್ ತಗೊಂಡು ಹೋಗು, ಉಣ್ಣೇದು, ಅಷ್ಟೆ" ಎಂದು ಸೇರಿಸಿದಳು. ಹುಡುಗಿ ಗಂಭೀರವಾಗಿ ತಲೆಯಾಡಿಸಿ, ಮರೆಯಬಾರದೆಂದು ಮೊಬೈಲಿನಲ್ಲಿ ಬರೆದುಕೊಂಡಳು. ಯೊವಾನಾಳ ಹೆಸರು ಕೂಗಿದರು.

ಸೊರಾಯ್ದಾಗೆ ಅವಸರವಿರಲಿಲ್ಲ. ಅವಳ ಕೈಗಳು ಬೆಚ್ಚಗಿದ್ದವು. "ಗಂಡನ ಜೊತೆ ಮಾತಾಡಿದ್ರಾ?" ಎಂದಳು. "ಆಡಿದೆ" ಎಂದಳು ಯೊವಾನಾ. "ಸರಿ. ಒಂದ್ಸಲ ಜೋರಾಗಿ ಕೆಮ್ಮಿ." ಕೆಮ್ಮಿದಳು. ಒಳಗೆ ಸಣ್ಣ ಚಿವುಟು, ಮುಗಿಯಿತು. ಸೊರಾಯ್ದಾ ಚಿಮುಟದ ತುದಿಯಲ್ಲಿ ಅದನ್ನು ಎತ್ತಿ ತೋರಿಸಿದಳು. ಕಡ್ಡಿಯಷ್ಟೂ ಇಲ್ಲ, ತಾಮ್ರ ಕಪ್ಪಾಗಿತ್ತು. ಇಷ್ಟು ಚಿಕ್ಕದು ಐದು ವರ್ಷ ಬಾಗಿಲು ಕಾದಿತ್ತೆ? "ಈಗ ಒಳಗೆ ಏನೂ ಇಲ್ಲ. ಹೊಸದು ಹಾಕ್ಲಾ, ಹಾಗೇ ಬಿಡ್ಲಾ? ಯೋಚನೆ ಮಾಡಿ ಹೇಳಿ, ನಾನು ಕೈ ತೊಳ್ಕೊಂಡು ಬರ್ತೀನಿ" ಎಂದು ಪರದೆಯಾಚೆ ಹೋದಳು.

ಈಗ ಏನೂ ಇಲ್ಲ. ಯೊವಾನಾ ಮಾಡಿನ ಬಿಳಿಯನ್ನು ನೋಡುತ್ತ ಮಲಗಿದಳು. ಬೇಡ, ಹಾಗೇ ಬಿಡಿ: ಇಷ್ಟೇ ಹೇಳಬೇಕಾದದ್ದು, ಮನೆಯಲ್ಲಿ ಹೇಳಿಯೂ ಆಗಿದೆ. ಹೇಳಿದರೆ ಬರುವ ಡಿಸೆಂಬರಿನಲ್ಲಿ, ಇಲ್ಲವೆ ಮುಂದಿನ ವರ್ಷ, ಒಂದು ಬೆಳಿಗ್ಗೆ ತಾನು ಕಣ್ಣು ಬಿಟ್ಟುಕೊಂಡೇ ಇರಬಹುದು. ಇರಬಹುದು. ಪರದೆಯಾಚೆ ನಲ್ಲಿಯ ನೀರು ನಿಂತಿತು. ನಿಂತ ಮೇಲೆ ಒಂದು ತೊಟ್ಟು ಬಿತ್ತು, ಇನ್ನೊಂದು ಬಿತ್ತು. ಅವಳ ಹಲ್ಲುಗಳು ಬಡಿದುಕೊಳ್ಳತೊಡಗಿದವು. ಮೊದಲು ಯಾರದೋ ಎಂಬಂತೆ ಕೇಳಿಸಿಕೊಂಡಳು, ದವಡೆ ಬಿಗಿಹಿಡಿದಳು, ಆಗ ತೊಡೆ ನಡುಗಿತು, ತೊಡೆ ಹಿಡಿದರೆ ಹೊಟ್ಟೆ. ಹೊರಗೆ ಮಾರ್ಚಿಯ ಬಿಸಿಲು, ಸೊರಾಯ್ದಾಳ ಮೇಜಿನ ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಮನಸ್ಸಿಗೆ ಆ ಬೆಳಿಗ್ಗೆ ಗೊತ್ತಿರಲಿಲ್ಲ, ಮೈಗೆ ಎಲ್ಲ ಗೊತ್ತಿತ್ತು. ಮೈ ಅಲ್ಲಿತ್ತು. ಅದನ್ನು ಮತ್ತೆ ಅಲ್ಲಿಗೆ ಕಳಿಸುತ್ತೇನೆಂದರೆ ಅದು ಕುರಿಯಂತೆ ಕಾಲೂರಿ ನಿಂತಿತ್ತು. ಆಗ, ಆ ನಡುಕದ ನಡುವೆ, ತುಂಬ ಸಾಮಾನ್ಯವಾದ ಒಂದು ಯೋಚನೆ ಬಂತು: ನಾನು ಹೋದರೆ ನನ್ನ ಚೂರುಗಳನ್ನೆಲ್ಲ ಊರಿನವರು ಮಿಲಿಗೆ ಹಂಚುತ್ತಾರೆ. ಮೀನಿನವಳು ಒಂದು, ಅತ್ತೆ ಒಂದು, ಎಫ್ರಾಯಿನ್ ಒಂದು. ನಿನ್ನ ಅಮ್ಮ ಹೀಗಿದ್ದಳು, ಹೀಗಂದಿದ್ದಳು. ಅವಳು ಅಂಗಡಿಯಲ್ಲಿ ಬೂಟು ಹಾಕಿಸಿಕೊಳ್ಳಲು ಹೋದಾಗಲೆಲ್ಲ ಯಾರೋ ಒಬ್ಬರು.

"ಅಯ್ಯೋ, ಏನಿದು?" ಎಂದು ಸೊರಾಯ್ದಾ ಓಡಿಬಂದು ಕಂಬಳಿ ಹೊದಿಸಿದಳು. "ಇವತ್ತು ಬೇಡ. ಮನೆಗೆ ಹೋಗಿ, ಮುಂದಿನ ವಾರ ಬನ್ನಿ."

"ಇವತ್ತೇ. ಹಾಕಿಬಿಡಿ. ಹತ್ತು ವರ್ಷದ್ದು ಇದ್ರೆ ಅದನ್ನೇ ಹಾಕಿ."

"ಖಂಡಿತಾನಾ?"

"ಖಂಡಿತ ಅಲ್ಲ," ಎಂದಳು ಯೊವಾನಾ. "ಹಾಕಿ."

ಹಾಕುವಾಗ ನೋವಾಯಿತು, ತೆಗೆಯುವಾಗಿನದಕ್ಕಿಂತ ಹೆಚ್ಚು. ಅವಳು ಕಂಬಳಿಯ ಅಂಚನ್ನು ಕಚ್ಚಿಕೊಂಡಳು. ಮುಗಿದ ಮೇಲೆ ಹಗುರವಾಗುತ್ತದೆಂದು ಕಾದಳು, ಆಗಲಿಲ್ಲ. ಬಟ್ಟೆ ಹಾಕಿಕೊಳ್ಳುವಾಗ ಲುಸಿಯಾ ಎಂಬ ಹೆಸರು, ಐದು ವರ್ಷದಿಂದ ಎಲ್ಲೋ ಕೂತಿದ್ದದ್ದು, ಎದ್ದು ಬಂತು. ಅಲ್ಲೇ ಪರದೆಯ ಹಿಂದೆ, ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಅತ್ತಳು. ಆಸೆ ಹೋಗಿರಲಿಲ್ಲ. ನಾಳೆಯೂ ಇರುತ್ತದೆ, ಮಾರುಕಟ್ಟೆಯಲ್ಲಿ ಇನ್ನೂ ಎಷ್ಟೋ ದಿನ ಕೂಸುಗಳ ನೆತ್ತಿಯ ವಾಸನೆ ಬಂದು ಎದೆ ಬಿಗಿಯುತ್ತದೆ. ಹೊರಗೆ ಆ ಹುಡುಗಿ ಇರಲಿಲ್ಲ. ಬೆಂಚಿನ ಮೇಲೆ ರೊಟ್ಟಿಯ ಪುಡಿ ಉಳಿದಿತ್ತು.

ಎಫ್ರಾಯಿನ್ ಎದುರಿನ ಕಾಲುದಾರಿಯಲ್ಲಿ ಮಿಲಿಯ ಕೈ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಮಿಲಿಯ ಅಂಗಿಯ ಮುಂಭಾಗವೆಲ್ಲ ಐಸ್‌ಕ್ರೀಮು. ಅವನು ಅವಳ ಚೀಲ ತೆಗೆದುಕೊಂಡ. ಮೂವರೂ ಇಳಿದು ಸಮುದ್ರದ ಮುಂದಿನ ಕಟ್ಟೆಯವರೆಗೆ ಹೋದರು. ಕಟ್ಟೆ ಇನ್ನೂ ಬಿಸಿಯಿತ್ತು. ಹೊಟ್ಟೆ ಹಿಂಡುತ್ತಿದ್ದುದರಿಂದ ಅವಳು ಮೆಲ್ಲಗೆ ಕೂತಳು. ಮಿಲಿ ಇಬ್ಬರ ನಡುವೆ ಹತ್ತಿ ಕೂತಳು.

"ಹೊಸದು ಹಾಕಿಸ್ಕೊಂಡೆ" ಎಂದಳು ಯೊವಾನಾ.

ಎಫ್ರಾಯಿನ್ ಸಮುದ್ರ ನೋಡುತ್ತಲೇ ತಲೆಯಾಡಿಸಿದ. ಆಮೇಲೆ ಮುಖವನ್ನು ಅಂಗೈಗಳಲ್ಲಿ ಒತ್ತಿಕೊಂಡು ಹಾಗೇ ಇದ್ದ. ಅಳುತ್ತಿದ್ದಾನೋ, ಉಸಿರು ಬಿಡುತ್ತಿದ್ದಾನೋ ತಿಳಿಯಲಿಲ್ಲ. ಅವಳಿಗೆ ಅವನ ಮೇಲೆ ಇನ್ನೂ ಸಿಟ್ಟಿತ್ತು. ಸಿಟ್ಟಿನ ಜೊತೆಯಲ್ಲೇ, ಐದು ವರ್ಷ ಒಬ್ಬನೇ ಅದನ್ನು ಹೊತ್ತುಕೊಂಡು ಹೇಗೆ ನಿದ್ದೆ ಮಾಡಿದ ಎಂಬ ಕುತೂಹಲವೂ. "ನಿನ್ನ ಆ ಇಪ್ಪತ್ತು ನಿಮಿಷ," ಎಂದಳು, "ಅದನ್ನ ನಾನಿನ್ನೂ ಕ್ಷಮಿಸಿಲ್ಲ. ಆದ್ರೆ ನಾನೂ ಒಂದು ಹೇಳ್ಬೇಕು. ಎಚ್ಚರ ಆದ್ಮೇಲೆ ಒಂದೂವರೆ ದಿನ ನಾನು ಇವಳನ್ನ ಕೇಳ್ಲೇ ಇಲ್ಲ. ಫೋಟೋ ತೋರಿಸಿದ್ರೆ ಯಾರದು ಅಂದೆ."

"ಗೊತ್ತು. ನರ್ಸು ಹೇಳಿದ್ಳು."

"ಗೊತ್ತಿತ್ತಾ?"

"ಸತ್ತು ಬಂದೋಳು ಏನು ಕೇಳ್ತಾಳೆ, ಬಿಡು."

ಅವಳು ಅವನನ್ನೇ ನೋಡಿದಳು. ತಾನು ಇಷ್ಟು ವರ್ಷ ಮುಚ್ಚಿಟ್ಟ ಪಾಪವನ್ನು ಅವನು ಹಳೆಯ ಬಸ್ ಟಿಕೆಟಿನಂತೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದ. "ಹಾಗಾದ್ರೆ ನೀನಾದ್ರೂ ಹೇಳು. ಅವತ್ತಿಂದ ಕೇಳ್ಬೇಕು ಅಂತಿದ್ದೆ. ಹುಟ್ಟಿದಾಗ ಹೇಗೆ ಅತ್ತಳು ಇವಳು? ಜೋರಾಗಾ?"

ಎಫ್ರಾಯಿನ್ ಮಿಲಿಯ ಅಂಗಿಯ ಮೇಲಿನ ಐಸ್‌ಕ್ರೀಮನ್ನು ಹೆಬ್ಬೆರಳಿನಿಂದ ಒರೆಸಿದ. "ನಾನಿರ್ಲಿಲ್ಲ" ಎಂದ. "ರಕ್ತದ ಕೌಂಟರ್ ಹತ್ರ ಇದ್ದೆ. ನಮ್ಮಣ್ಣನ ಕೈಯಲ್ಲಿ ಹೊಸ ಹಚ್ಚೆ ಇದೆ, ಅವನ ರಕ್ತ ಆಗಲ್ಲ ಅಂದ್ರು, ಜಗಳ ಆಡ್ತಿದ್ದೆ. ಮೇಲೆ ಬರೋಷ್ಟರಲ್ಲಿ ಬಟ್ಟೆ ಸುತ್ತಿ ಮಲಗಿಸಿಯಾಗಿತ್ತು."

"ಅತ್ತೆ?"

"ಅಮ್ಮ ಚರ್ಚಿನಲ್ಲಿದ್ಳು."

ನೀರು ಬಂಡೆಗೆ ಬಡಿದು ಹಿಂದೆ ಹೋಯಿತು. ಇಷ್ಟು ಕಾಲ ಆ ಬೆಳಿಗ್ಗೆಯನ್ನು ಎಲ್ಲರೂ ತನ್ನಿಂದ ಕದ್ದು ಹಂಚಿಕೊಂಡಿದ್ದಾರೆಂದು ಅಂದುಕೊಂಡಿದ್ದಳು. ನೋಡಿದರೆ ಅದು ಯಾರ ಕೈಯಲ್ಲೂ ಇರಲಿಲ್ಲ. ಅವಳಿಗೆ ನಗು ಬಂತು, ನಗುವುದಕ್ಕೂ ಹೊಟ್ಟೆ ನೋಯುತ್ತಿತ್ತು. "ಅಂದ್ರೆ ಯಾರೂ ಇರ್ಲಿಲ್ಲ," ಎಂದಳು, "ನಮ್ಮೋರು ಅನ್ನೋರು ಒಬ್ರೂ ಇರ್ಲಿಲ್ಲ."

"ನಾನಿದ್ದೆ" ಎಂದಳು ಮಿಲಿ.

ಇಬ್ಬರೂ ತಿರುಗಿದರು. ಮಗು ಐಸ್‌ಕ್ರೀಮಿನ ಕಡ್ಡಿ ನೆಕ್ಕುತ್ತಿತ್ತು. ಇಷ್ಟೂ ತಿಳಿಯದೆ ದೊಡ್ಡವರು ಮಾತಾಡುತ್ತಾರಲ್ಲ ಎಂದು ಅದರ ಹುಬ್ಬು ಗಂಟಿಕ್ಕಿತ್ತು.

"ನೀನಿದ್ದೆ," ಎಂದಳು ಯೊವಾನಾ ನಿಧಾನವಾಗಿ. "ಹೌದಲ್ಲ, ನೀನಿದ್ದೆ. ಏನೇನು ನೋಡಿದೆ?"

"ದೀಪ. ತುಂಬಾ ಡಾಕ್ಟ್ರು." ಮಿಲಿ ಯೋಚಿಸಿದಳು. "ನೀನು ಮಲ್ಕೊಂಡಿದ್ದೆ. ಸುಸ್ತಾಗಿತ್ತು ನಿಂಗೆ. ಅದಕ್ಕೇ ನಾನು ಏಳಿಸ್ಲಿಲ್ಲ."